ವಯಸ್ಸು ಕೇಳುವ ಬಾಯಿ

ನನ್ನ ಮದುವೆ ನಿಲ್ಲಿಸಿದ ಬಾಯಿಯವರು ಹೋದ ತಿಂಗಳು ತೀರಿಕೊಂಡರು. ಸೋಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಅನ್ನುವ ಕೈಗಾರಿಕಾ ವಸಾಹತಿನ ನೂಲಿನ ಗಿರಣಿಯಲ್ಲಿ ಯಂತ್ರದ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದಾಗ ಫೋನು ಬಂತು. ಫೋನು ಮಾಡಿದವಳು ಮಾಯಕ್ಕ. ಅವತ್ತು ಆ ಮದುವೆ ನಡೆದಿದ್ದರೆ ನನ್ನ ಹೆಂಡತಿ ಆಗಿರುತ್ತಿದ್ದಳು. "ಬಾಯಿ ಹೋದ್ರು," ಅಂದಳು. ಯಾವ ಬಾಯಿ ಅಂತ ನಾನು ಕೇಳಲಿಲ್ಲ. ನಮ್ಮಿಬ್ಬರ ಬದುಕಿನಲ್ಲಿ ಇದ್ದದ್ದು ಒಬ್ಬರೇ ಬಾಯಿ.

ನಮ್ಮ ಅಕ್ಕಲಕೋಟ ತಾಲೂಕು ಮಹಾರಾಷ್ಟ್ರದಲ್ಲಿದ್ದರೂ ಎಷ್ಟೋ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ. ಸಾಲಿ ಕಲಿಸುವ ಗಂಡಸರಿಗೆ ಗುರೂಜಿ ಅನ್ನುತ್ತಾರೆ, ಹೆಂಗಸರಿಗೆ ಬಾಯಿ. ನಮ್ಮೂರ ಬಾಯಿಗೆ ಜನ ಇಟ್ಟ ಅಡ್ಡಹೆಸರು 'ವಯಸ್ಸು ಕೇಳೋ ಬಾಯಿ'. ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ ಬರುತ್ತವೆ. ಎರಡೂ ಖರೆ. ಯಾವ ಮಗು ಎದುರಿಗೆ ಬಂದರೂ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದೇ. ಹೋಟೆಲಿನಲ್ಲಿ ಚಹಾ ತಂದಿಟ್ಟವನಿಗೆ, ಕಬ್ಬು ಕಡಿಯುವವರ ಹಿಂದೆ ಹೊಂಟವಳಿಗೆ, ಸೊಂಟದ ಮೇಲೆ ಕೂಸು ಹೊತ್ತು ನಿಂತವಳಿಗೆ, "ನಿನ್ನ ವಯಸ್ಸೆಷ್ಟವಾ?" ಎದುರಿನವರು ಹೇಳಿದ್ದನ್ನು ತಾವೊಮ್ಮೆ ಸಣ್ಣಗೆ ಹೇಳಿಕೊಳ್ಳುತ್ತಿದ್ದರು. "ಹನ್ನೊಂದು." ಅಷ್ಟೇ. ಆಮೇಲೆ ಏನು ಮಾಡುತ್ತಾರೆ ಅಂತ ಊರಿಗೆ ಅಂಜಿಕೆ.

ನೋಡಲಿಕ್ಕೆ ಅಂಜುವಂಥದ್ದೇನೂ ಇರಲಿಲ್ಲ. ಕುಳ್ಳು, ಕೃಶ. ಇಳಕಲ್ ಸೀರೆಯ ಸೆರಗನ್ನು ಯಾವಾಗಲೂ ಬಲಗಡೆ ಸೊಂಟಕ್ಕೆ ಸಿಗಿಸಿರುತ್ತಿದ್ದರು. ಹೊಲದ ದಾರಿಯಲ್ಲಿ ಚಪ್ಪಲಿ ಹರಿಯುತ್ತವೆ ಅಂತ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದರು. ದನಿ ಬಹಳ ಸಣ್ಣದು. ಎದುರಿನವರು ಚೀರಿದಷ್ಟೂ ಅವರ ದನಿ ಇನ್ನೂ ಸಣ್ಣದಾಗುತ್ತಿತ್ತು. ಏನಂದರು ಅಂತ ಕೇಳಿಸಿಕೊಳ್ಳುವುದಕ್ಕಾದರೂ ಚೀರುವವರು ಸುಮ್ಮನಾಗಲೇಬೇಕು. ಇದನ್ನು ಅವರು ಬೇಕಂತ ಮಾಡುತ್ತಿದ್ದರೋ ಗುಣವೇ ಹಾಗಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ಬೀರೋಬ ದೇವರ ಒಕ್ಕಲು, ಹಂಗಾಗಿ ನಾನು ಬೀರಪ್ಪ. ಮೂರನೇ ಇಯತ್ತೆ ಮುಗಿದ ವರ್ಷ ಅಪ್ಪ ನನ್ನನ್ನು ಸಾಲಿ ಬಿಡಿಸಿ ಕುರಿಯ ಹಿಂದೆ ಹಚ್ಚಿದ. ನನಗೇನೂ ದುಃಖವಾಗಿರಲಿಲ್ಲ. ಕೋಲು ಸಿಕ್ಕಿತ್ತು, ನಾಯಿ ಸಿಕ್ಕಿತ್ತು, ಮಗ್ಗಿ ತಪ್ಪಿತ್ತು. ಒಂದು ದಿನ ಜೋಳದ ಕೂಳೆಯ ಹೊಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬಾಯಿ ಬರುವುದು ಕಂಡಿತು. ನಮ್ಮ ನಾಯಿ ಹರಿದು ತಿನ್ನುವಂತೆ ಬೊಗಳಿತು. ಅವರು ನಿಂತರು, ಓಡಲಿಲ್ಲ. ಅಪ್ಪ ನಾಯಿ ಹಿಡಿದ ಮೇಲೆ ಮುಂದೆ ಬಂದು, "ವಯಸ್ಸೆಷ್ಟು?" ಅಂದರು.

"ಯಾವ ಕುರಿದ್ರಿ?" ಅಂದ ಅಪ್ಪ.

"ಹುಡುಗಂದು."

"ಇರ್ಬೇಕ್ರಿ ಒಂದು ಒಂಬತ್ತು. ಸಾಲಿ ಕಲ್ತು ಏನ್ ಮಾಡಾಂವ ಅದಾನ ಬಿಡ್ರಿ ಬಾಯೀ. ಕುರಿ ಕಾಯೋದು ಅಂವಗ ತಪ್ಪಾಂಗಿಲ್ಲ."

"ಕುರಿ ಎಲ್ಲೂ ಹೋಗಾಂಗಿಲ್ಲ ತಮ್ಮಾ. ಒಂಬತ್ತು ಹೋಗ್ತದ. ಹದಿನಾಲ್ಕರ ತನಕ ಇಂವ ಸಾಲ್ಯಾಗ ಇರಬೇಕು ಅಂತ ಸರ್ಕಾರ ಹೇಳ್ತದ. ಅಲ್ಲೀತನಕ ನಂಗ ಕೊಡು."

ಅಪ್ಪ ಕೊಡಲಿಲ್ಲ. ಬಾಯಿ ಹೋದರು, ಮತ್ತೆ ಬಂದರು. ನಾವು ಕುರಿ ತರುಬುವ ತಳ ಬದಲಿಸಿ ಬೇರೆ ಹೊಲಕ್ಕೆ ಹೋದರೆ ಅಲ್ಲಿಗೂ ಕೇಳುತ್ತ ಬಂದರು. ಬಂದಾಗೊಮ್ಮೆ ಅದೇ ಸಣ್ಣ ದನಿ, ಅದೇ ಮಾತು. ಜಗಳ ಇಲ್ಲ, ಬೆದರಿಕೆ ಇಲ್ಲ. ಕಡೆಗೊಂದು ದಿನ ಅವರು ಬಂದರೂ ನಾಯಿ ಏಳಲೇ ಇಲ್ಲ, ಮಲಗಿದಲ್ಲೇ ಬಾಲ ಅಲ್ಲಾಡಿಸಿತು. ಅಪ್ಪ ಅದನ್ನೂ ಅವರನ್ನೂ ನೋಡಿ, "ನಾಯಿನೂ ನಿಮ್ಮ ಕಡೆ ಆತು. ನಾ ಒಬ್ಬನ ಏನ್ ಬೊಗಳ್ಲಿ? ಒಯ್ರಿ," ಅಂದ. ನಾನು ಅವತ್ತು ಅಳುತ್ತಲೇ ಅವರ ಹಿಂದೆ ಹೋದೆ.

ಸಾಲಿಗೆ ಬಂದ ಮೇಲೆ ಕಂಡ ಒಂದು ಸಂಗತಿ ಹೇಳಬೇಕು. ನನ್ನ ವಾರಿಗೆಯ ಹುಡುಗನೊಬ್ಬ ಬಾವಿಯ ಮೋಟರಿನ ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದ. ಅವನನ್ನು ಗ್ರಾಮಪಂಚಾಯತಿ ಮುಂದಿನ ಬೇವಿನ ಗಿಡಕ್ಕೆ ಕಟ್ಟಿದ್ದರು. ಊರೆಲ್ಲ ಕೂಡಿತ್ತು. ಪೊಲೀಸರ ಜೀಪು ಬರುವುದಿತ್ತು. ಅದು ಬರುವ ತನಕ ಕೈಗೆ ಬಂದವರು ಒಂದೊಂದು ಏಟು ಹಾಕುತ್ತಿದ್ದರು. ಮೋಟರು ಊರಿನ ದೊಡ್ಡ ಹೊಲದವರದ್ದು. ಅವರು ಬೇರೆ ಯಾರೂ ಅಲ್ಲ, ಬಾಯಿಯ ಸ್ವಂತ ಮೈದುನ.

ಸಾಲಿಯ ಘಂಟೆ ಹೊಡೆಸದೆಯೇ ಬಾಯಿ ಎದ್ದು ಬಂದರು. ಅವರ ಹಿಂದೆ ನಾವೆಲ್ಲ. ಜನರ ನಡುವೆ ಹಾದು ಹೋಗಿ ಹುಡುಗನ ಎದುರಿಗೆ ನಿಂತು, "ನಿನ್ನ ವಯಸ್ಸೆಷ್ಟು?" ಅಂದರು. ತಮ್ಮದೇ ಸಾಲಿಯ ಹುಡುಗ, ಅವರಿಗೆ ಗೊತ್ತಿರಲಿಲ್ಲವೇ? ಊರಿಗೆ ಕೇಳಿಸಲಿ ಅಂತ ಕೇಳಿದ್ದು.

"ಕಳ್ಳಗ ಏನ್ ವಯಸ್ಸು ವೈನೀ?" ಅಂದ ಮೈದುನ.

"ಕಳವು ಮಾಡ್ಯಾನ. ಮಾಡಿಲ್ಲ ಅಂತ ನಾ ಅನ್ನಾಂಗಿಲ್ಲ. ಆದ್ರ ಹನ್ನೊಂದು ವರ್ಷದಾಂವ ಮಾಡಿದ್ದು ಬ್ಯಾರೆ, ನೀವು ಮಾಡಾಕತ್ತಿದ್ದು ಬ್ಯಾರೆ. ಅಂವಂದು ಕೇಳಾಕ ಬ್ಯಾರೆ ಜಾಗಾ ಅದ, ಬ್ಯಾರೆ ಮಂದಿ ಅದಾರ. ನಿಮ್ಮದು ಕೇಳಾಕ ಈಗ ಜೀಪು ಬರ್ತದ."

ಹಗ್ಗ ತಾವೇ ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದರು. ಜೀಪು ಬಂದಾಗ ಹುಡುಗ ಅವರ ಪಕ್ಕ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದ. "ಇಂವನ್ನ ಜೀಪಿನ್ಯಾಗ ಒಯ್ಯಾಂಗಿಲ್ಲ, ಠಾಣ್ಯಾಗ ಕೂಡಸಾಂಗಿಲ್ಲ. ಎಲ್ಲಿಗೆ ಕರಕೊಂಡು ಬಾ ಅಂತೀರಿ ಹೇಳ್ರಿ, ಇವರ ಅವ್ವನ ಜೋಡಿ ನಾ ಕರಕೊಂಡು ಬರ್ತೀನಿ," ಅಂದರು. ಹವಾಲ್ದಾರರು ಟೊಪ್ಪಿಗೆ ತೆಗೆದು ತಲೆ ಕೆರೆದು, ಕಡೆಗೆ ಒಪ್ಪಿಕೊಂಡರು. ಮಾತಿಗೆ ತಪ್ಪದೆ ಬಾಯಿ ಸೋಲಾಪುರದ ಮಕ್ಕಳ ನ್ಯಾಯ ಮಂಡಳಿಗೆ ಅವನ ಜೊತೆ ಓಡಾಡಿದರು. ಕದಿಸಿದವನು ಗುಜರಿ ಕೊಳ್ಳುವ ಮೋಡಕಾ ವ್ಯಾಪಾರಿ ಅಂತ ಅಲ್ಲಿ ಹೊರಬಂತು. ಮೈದುನ ಮಾತ್ರ ಅವತ್ತಿನಿಂದ ಬಾಯಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಹಬ್ಬಕ್ಕೆ ಬರುತ್ತಿದ್ದ ಜೋಳದ ಚೀಲವೂ ನಿಂತಿತು ಅಂತ ಜನ ಆಡಿಕೊಂಡರು.

ಬೇವಿನ ಗಿಡದ ಕೆಳಗೆ ನಿಂತು ಅದನ್ನೆಲ್ಲ ನೋಡಿದ ನಮಗೆ ಅವತ್ತು ಒಂದು ಮಾತು ತಿಳಿಯಿತು: ನಾವು ಸಣ್ಣವರು ಅಂತ. ಅಲ್ಲಿಯ ತನಕ ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಹೊಡೆಯುವಾಗ, ಕೆಲಸ ಹೇಳುವಾಗ, ನಾವು ಯಾವತ್ತೂ ದೊಡ್ಡವರೇ ಆಗಿದ್ದೆವು.

ಹತ್ತನೇ ಇಯತ್ತೆ ಮುಗಿಸಿದಾಗ ನನಗೆ ಹದಿನಾರು. ಎಂಐಡಿಸಿಯಲ್ಲಿ ಕೆಲಸ ಕೊಡಿಸುತ್ತೇನೆಂದವನು, ಕುಲುಮೆಯ ಕೆಲಸಕ್ಕೆ ಹದಿನೆಂಟು ತುಂಬಿರಬೇಕು, ನಿಮ್ಮ ಬಾಯಿಯ ಕಡೆಯಿಂದ ಹಾಗೆ ಬರೆಸಿಕೊಂಡು ಬಾ ಅಂದ. ಹೋಗಿ ಕೇಳಿದೆ. "ಎರಡು ವರ್ಷ ನಾ ಎಲ್ಲಿಂದ ತರ್ಲಿ ಬೀರೂ?" ಅಂದರು. ಸಿಟ್ಟಿನಿಂದ ನಾನು ಏನೇನೋ ಅಂದೆ. ಎಲ್ಲ ಕೇಳಿಸಿಕೊಂಡು, "ಆ ಎರಡು ವರ್ಷ ಕುಲುಮಿಗೆ ಹಾಕಬ್ಯಾಡ. ಐಟಿಐ ಸೇರು," ಅಂದರು. ಅವರೇ ಬಂದು ಸೇರಿಸಿದರು. ಇವತ್ತು ನಾನು ಫಿಟ್ಟರ್ ಅನ್ನಿಸಿಕೊಂಡದ್ದು ಹಾಗೆ.

ಇನ್ನು ಮದುವೆಯ ಸುದ್ದಿ.

ಮಾಯಕ್ಕ ನನ್ನ ಸೋದರಮಾವನ ಹಿರಿ ಮಗಳು. ಅವಳು ಹುಟ್ಟಿದಾಗಲೇ ಇವಳು ಬೀರಪ್ಪನ ಹೆಂಡತಿ ಅಂತ ನಮ್ಮವ್ವ ಬರೀ ಮಾತಿನಲ್ಲಿ ಗಂಟು ಹಾಕಿದ್ದಳು. ನನಗೂ ಅವಳ ಮೇಲೆ ಮನಸ್ಸಿತ್ತು. ಮಾವ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೊಂಟರೆ ಮಳೆಗಾಲಕ್ಕೇ ತಿರುಗಿ ಬರುವವನು. ಹೆಂಡತಿ, ಸಣ್ಣ ಮಗಳು ಅವನ ಜೋಡಿ. ಸಾಲಿಗೆ ಹೋಗುವ ಮಾಯಕ್ಕ ಮಾತ್ರ ಅಜ್ಜಿಯ ಹತ್ತಿರ ದುಧನಿ ಕಡೆಯ ಊರಿನಲ್ಲಿರುತ್ತಿದ್ದಳು. ಅಜ್ಜಿ ತೀರಿಕೊಂಡಳು. ಹರೆಯಕ್ಕೆ ಬಂದ ಹುಡುಗಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿಲ್ಲ, ಅಡವಿಯಲ್ಲಿ ಮಲಗಿಸುವಂತಿಲ್ಲ. ಹಾಗಾಗಿ ಲಗ್ನ.

ಬಾಯಿ ಅಷ್ಟೊತ್ತಿಗೆ ನಿವೃತ್ತಿಯಾಗಿ ಅಕ್ಕಲಕೋಟದಲ್ಲಿದ್ದರು. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವರಿಗೆ ಹೇಳದೆ ಮಗನ ಮದುವೆ ಮಾಡುವುದೆಂತು ಅಂತ ನಮ್ಮಪ್ಪನೇ ಹೋಗಿ ಲಗ್ನಪತ್ರಿಕೆ ಕೊಟ್ಟ. ಅವರು ಅರಿಶಿನ ಹಚ್ಚಿದ ಪತ್ರಿಕೆಯನ್ನು ಕಣ್ಣಿಗೆ ಒತ್ತಿಕೊಂಡು, "ಹುಡುಗಿ ವಯಸ್ಸೆಷ್ಟು?" ಅಂದರಂತೆ.

"ಬಾಯೀ, ಶುಭಕಾರ್ಯದಾಗ ಅದನ್ನೆಲ್ಲ ಕೇಳಬಾರದ್ರಿ."

"ಆತು. ನಾ ಬರ್ತೀನಿ. ಆದ್ರ ಉಣ್ಣಾಕ ಬರಾಂಗಿಲ್ಲ, ಮೊದಲ ಹೇಳಿರ್ತೀನಿ," ಅಂದರಂತೆ. ಅಪ್ಪ ಅದನ್ನು ಉಪವಾಸ ಅಂದುಕೊಂಡ.

ಲಗ್ನದ ದಿನ ಮಾವನ ಮನೆಯ ಮುಂದೆ ಹಂದರ. ಮೈತುಂಬ ಅರಿಶಿನ ಬಡಿದುಕೊಂಡು ನಾನು ಒಂದು ಕಡೆ, ಒಳಗೆ ಹೆಂಗಸರ ನಡುವೆ ಮಾಯಕ್ಕ. ಗೋಧಿ ಹುಗ್ಗಿಯ ವಾಸನೆ ಊರಿಗೇ ಹಬ್ಬಿತ್ತು. ಬಾಯಿ ಒಬ್ಬರೇ ಬಸ್ಸಿಳಿದು ಬಂದರು. ಯಾರೋ ಕುರ್ಚಿ ಹಾಕಿದರು. ಅವರು ಕೂಡಲಿಲ್ಲ. ಅಪ್ಪನನ್ನೂ ಮಾವನನ್ನೂ ಹತ್ತಿರ ಕರೆದು, "ಲಗ್ನಾ ತಡಿಯಾಕ ಗ್ರಾಮಸೇವಕರು ಹಿಂದಿಂದ ಬರಾಕತ್ಯಾರ. ಒಂದು ತಾಸು ತಡದು ಬರ್ರಿ ಅಂತ ಬೇಡಿಕೊಂಡೀನಿ. ಕಾಯ್ದೆ ಬರೋದಕ್ಕ ಮೊದಲ ನಾ ಬಂದೀನಿ. ಅವರು ಬಂದಾಗ ಇಲ್ಲಿ ಲಗ್ನಾ ಇರಬಾರ್ದು, ಬರೇ ಊಟ ಇರಬೇಕು," ಅಂದರು.

ಗದ್ದಲ ಎದ್ದಿತು. ಯಾರದೋ ಲಗ್ನ ಕೆಡಿಸುವ ರಂಡೆ ಅಂತ ಒಬ್ಬ ಮುದುಕಿ ಅಂದಳು. ಕೇಳಿಸಿತು, ಬಾಯಿಯ ಮುಖ ಬದಲಾಗಲಿಲ್ಲ. ನಾನು ಅರಿಶಿನದ ಮೈಯಲ್ಲೇ ಎದ್ದು ಹೋಗಿ, "ಬಾಯೀ, ನನ್ನ ಲಗ್ನಾನೂ ನಿಮಗ ಬೇಕಾತೇನ್ರಿ?" ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ನಿನ್ನ ವಯಸ್ಸೆಷ್ಟು?" ಅಂದರು.

"ಇಪ್ಪತ್ತು ರೀ."

"ಇಪ್ಪತ್ತು. ಗಂಡಸಿಗೆ ಇಪ್ಪತ್ತೊಂದು ಆಗಬೇಕು. ಲಗ್ನಕ್ಕ ನೀ ಇನ್ನಾ ಸಣ್ಣಾಂವ ಬೀರೂ. ಆದ್ರ ಸಣ್ಣ ಹುಡುಗಿನ್ನ ಲಗ್ನಾ ಮಾಡ್ಕೊಂಡ ಅಂತ ಒಳಗ ಹಾಕಾಕ ಹದಿನೆಂಟು ಆಗಿದ್ರ ಸಾಕು. ಜೇಲಿಗೆ ನೀ ದೊಡ್ಡಾಂವ."

ಹಂದರದಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆಗ ಮಾವ ಮುಂದೆ ಬಂದ. ಅವನು ಚೀರಲಿಲ್ಲ. ಅವನದ್ದೂ ಅಡವಿಯಲ್ಲಿ ಬೆಳೆದ ಸಣ್ಣ ದನಿ. "ಬಾಯೀ, ಕಾಯ್ದೆ ಹದಿನೆಂಟು ಅಂತದ. ಆತ್ರಿ. ಇಕಿಗೆ ಈಗ ಹದಿನೈದು. ನಡಕಿನ ಮೂರು ವರ್ಷ ನಾ ಇಕಿನ್ನ ಎಲ್ಲಿಡ್ಲಿ ಹೇಳ್ರಿ. ತೋಳ ಬಂದ್ರ ನಾಯಿ ಅದ. ಮನಷ್ಯಾ ಬಂದ್ರ? ನಿಮ್ಮ ಕಾಯ್ದೆ ಬಂದು ತಳದಾಗ ಕೂತು ಕಾಯ್ತದೇನ್ರಿ?"

ಬಾಯಿ ಮಾವನನ್ನು ನೋಡಿದರು, ಹಂದರ ನೋಡಿದರು, ನೆಲ ನೋಡಿದರು. ಅವನ ಪ್ರಶ್ನೆ ಖರೆ ಪ್ರಶ್ನೆ ಅಂತ ಅವರ ಮುಖವೇ ಹೇಳುತ್ತಿತ್ತು.

"ನನ್ನ ಮನ್ಯಾಗ ಇರ್ಲಿ," ಅಂದರು.

"ಮೂರು ವರ್ಷ?"

"ಮೂರು ವರ್ಷ. ಓದಸ್ತೀನಿ. ಹದಿನೆಂಟು ತುಂಬಲಿ, ನಾನೇ ನಿಂತು ಇದೇ ಹುಡುಗನ ಜೋಡಿ ಲಗ್ನಾ ಮಾಡ್ತೀನಿ. ಎಲ್ಲಾರ ಮುಂದ ಶಬ್ದಾ ಕೊಡ್ತೀನಿ."

ನಮ್ಮ ಕಡೆ ಶಬ್ದ ಕೊಡುವುದೆಂದರೆ ಮಾತು ಕೊಡುವುದು, ಅದು ಹುಡುಗಾಟವಲ್ಲ. ಮಾವ ಒಳಗೆ ಹೋಗಿ ಮಗಳ ಕೈ ಹಿಡಿದು ತಂದು ಬಾಯಿಯ ಕೈಯಲ್ಲಿಟ್ಟ. ಗ್ರಾಮಸೇವಕರು ಬಂದಾಗ ಜನ ಹುಗ್ಗಿ ಉಣ್ಣುತ್ತಿದ್ದರು. ಮದುಮಗಳು ಅಕ್ಕಲಕೋಟದ ಎಸ್ಟಿ ಬಸ್ಸಿನಲ್ಲಿದ್ದಳು. ಅವಳ ಮುಖದ ಅರಿಶಿನ ನೋಡಿ ಕಂಡಕ್ಟರ್ ಮರಾಠಿಯಲ್ಲಿ, ಮದುಮಗಳನ್ನು ಕರೆದುಕೊಂಡು ಎಲ್ಲಿಗೆ ಹೊಂಟಿರಿ ಅಂತ ಕೇಳಿದನಂತೆ. "ಸಾಲಿಗೆ. ಎರಡು ಫುಲ್ ಕೊಡ್ರಿ. ಬಸ್ಸಿನ ಕಾಯ್ದ್ಯಾಗ ಇಕಿ ಹನ್ನೆರಡಕ್ಕ ದೊಡ್ಡಾಕಿ ಆಗ್ಯಾಳ," ಅಂದರಂತೆ ಬಾಯಿ. ಇದನ್ನು ಮಾಯಕ್ಕ ಈಗಲೂ ನಗುತ್ತ ಹೇಳುತ್ತಾಳೆ. ಅವತ್ತು ನಕ್ಕಿರಲಿಕ್ಕಿಲ್ಲ.

ಮರುವರ್ಷ ದೀಪಾವಳಿಗೆ ನಾನು ಹಬ್ಬದ ಉಂಡಿ-ಚಕ್ಕಲಿಯ ಫರಾಳದ ಡಬ್ಬಿ ಹಿಡಿದು ಅಕ್ಕಲಕೋಟಕ್ಕೆ ಹೋದೆ. ಹೆಂಡತಿಯಾಗುವವಳನ್ನು ನೋಡುವ ಆಸೆ. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹತ್ತಿರ, ಓಣಿಗೆಲ್ಲ ಕಾಣುವಂತೆ, ಮಾಯಕ್ಕ ಪುಸ್ತಕ ಹಿಡಿದು ಕೂತಿದ್ದಳು. ಅಂಗಳದಲ್ಲಿ ಬಾಯಿ ಮೊಣಕಾಲು ಹಿಡಿದುಕೊಂಡು ಬಗ್ಗಿ ಕಸ ಹೊಡೆಯುತ್ತಿದ್ದರು. ನನಗೆ ಕಣ್ಣಿಗೆ ಸರಿ ಕಾಣಲಿಲ್ಲ. ಕುರಿಯ ಹಿಂದೆ ಹರದಾರಿ ನಡೆದ ಗಟ್ಟಿ ಹುಡುಗಿ ಕೂತಿದ್ದಾಳೆ, ವಯಸ್ಸಾದವರು ಕಸ ಹೊಡೆಯುತ್ತಾರೆ!

"ಏನ್ ಮಾಡ್ಲಿ? ಕಸಬರಗಿ ಮುಟ್ಟಿದ್ರ ಕಸಗೊಂತಾರ," ಅಂದಳು ಮಾಯಕ್ಕ ಸಿಡಿಮಿಡಿಯಿಂದ. "ಕೈ ಕಟ್ಟಿ ಕೂಡಿಸ್ಯಾರ ನನ್ನ. ಮೈ ಜಡ್ಡು ಹಿಡದದ."

ಕಾರಣ ಆಮೇಲೆ ತಿಳಿಯಿತು. ಬಿಟ್ಟಿ ಕೆಲಸದವಳು ಸಿಕ್ಕಳು ಅಂತ ಓಣಿಯಲ್ಲಿ ಯಾರೋ ಅಂದಿದ್ದರು. ಅವತ್ತಿನಿಂದ ಬಾಯಿ ಆ ಮನೆಯಲ್ಲಿ ಅವಳಿಗೆ ತನ್ನ ತಾಟು ತೊಳೆದುಕೊಳ್ಳುವುದೊಂದನ್ನು ಬಿಟ್ಟು ಮತ್ತೇನನ್ನೂ ಮಾಡಗೊಡಲಿಲ್ಲ. ಮೊಣಕಾಲಿನ ನೋವಿಗೆ ಎಣ್ಣೆ ಕೂಡ ತಾವೇ ಹಚ್ಚಿಕೊಳ್ಳುತ್ತಿದ್ದರು. ಮಂದಿ ಮಾತಿಗೆ ಹೆದರುವವರಲ್ಲ ಅವರು, ಹಂದರದಲ್ಲಿ ಅದನ್ನು ನಾನೇ ನೋಡಿದ್ದೆ. ಆದರೆ ಈ ಮಾತು ಎಲ್ಲಾದರೂ ಖರೆ ಆಗಿಬಿಟ್ಟೀತು ಅಂತ ತಮ್ಮ ಬಗ್ಗೆ ತಮಗೇ ಹೆದರಿದ್ದರು. ಅಂಥ ಹೆದರಿಕೆ ನಾನು ಮತ್ತೊಬ್ಬರಲ್ಲಿ ಕಂಡಿಲ್ಲ.

ಅವತ್ತು ಚಹಾ ಕುಡಿಯುತ್ತ ಧೈರ್ಯ ಮಾಡಿ ಕೇಳಿದೆ, "ಬಾಯೀ, ನಿಮ್ಮ ಲಗ್ನಾ ಆದಾಗ ನಿಮ್ಮ ವಯಸ್ಸೆಷ್ಟಿತ್ರಿ?"

ಅವರಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ, ಕಪ್ಪು ಕೆಳಗಿಟ್ಟರು.

"ಒಂಬತ್ತಂತ. ನಂಗ ನೆನಪಿಲ್ಲ ಬೀರೂ. ಅಕ್ಕಿಕಾಳು ಬೀಳೋಮುಂದ ನಿದ್ದಿ ಹತ್ತಿತ್ತಂತ. ನಮ್ಮ ಕಾಕಾ ಹೆಗಲ ಮ್ಯಾಲ ಹಾಕ್ಕೊಂಡು ನಿಂತಿದ್ರಂತ. ಮುಂಜಾನೆ ಎದ್ದಾಗ ಕೊಳ್ಳಾಗ ತಾಳಿ ಇತ್ತು." ಆಮೇಲೆ, "ನಮ್ಮ ಮನಿಯವರು ಬಹಳ ಛಲೋ ಮನಷ್ಯಾ ಇದ್ರು, ಹೆಸರು ಇಡಾಂಗಿಲ್ಲ. ನನ್ನ ಓದಿಸಿದವರು ಅವರೇ. ಆದ್ರ ನನ್ನ ಲಗ್ನಕ್ಕ ನಾನೇ ಹೋಗಿದ್ದಿಲ್ಲ ನೋಡು," ಅಂದು ನಕ್ಕರು. ಮಾಯಕ್ಕ ಪುಸ್ತಕದಿಂದ ತಲೆ ಎತ್ತಿ ಅವರನ್ನೇ ನೋಡುತ್ತಿದ್ದಳು.

ವರ್ಷಗಳು ಕಳೆದವು. ಮಾಯಕ್ಕನಿಗೆ ಹದಿನೆಂಟು ತುಂಬಿತು. ಹನ್ನೆರಡನೇ ಇಯತ್ತೆಯನ್ನೂ ಛಲೋ ಅಂಕಗಳಿಂದ ಮುಗಿಸಿದಳು. ಮಳೆಗಾಲಕ್ಕೆ ಮಾವ ಊರಿಗೆ ಬಂದವನೇ ನಮ್ಮಪ್ಪ, ಅವ್ವ, ನನ್ನನ್ನು ಕರೆದುಕೊಂಡು ಅಕ್ಕಲಕೋಟಕ್ಕೆ ಹೊಂಟ. ಬಾಯಿ ನಮಗಾಗಿ ಹೋಳಿಗೆ ಮಾಡಿಸಿದ್ದರು. ಮಂಚದ ಮೇಲೆ ಹೊಸ ಇಳಕಲ್ ಸೀರೆ, ಹಸಿರು ಮೈ, ಕೆಂಪು ಸೆರಗು. ಅವ್ವನ ಕಿವಿಯಲ್ಲಿ, "ಜೋಡಿ ಒಪ್ಪತದ ನೋಡವಾ. ನಿನ್ನ ಮಗ ಬಂಗಾರ," ಅಂದದ್ದು ನನಗೂ ಕೇಳಿಸಿತು. ನಾನು ಹಿಗ್ಗಿಹೋದೆ. ಯಾವತ್ತೂ ಅವರ ಬಾಯಿಂದ ಅಂಥ ಮಾತು ಬಂದಿರಲಿಲ್ಲ.

ಊಟವಾದ ಮೇಲೆ ಮಾವ ಅಂದ, "ಬಾಯೀ, ಹದಿನೆಂಟು ತುಂಬ್ಯಾವ. ಮುಹೂರ್ತ ತಗೀಸೋಣಲ್ರಿ?"

ಬಾಯಿ ಮಾಯಕ್ಕನ ಕಡೆ ತಿರುಗಿದರು. "ಮಾಯಾ, ನೀ ಏನಂತಿ?"

ಮಾಯಕ್ಕ ಗೋಡೆಗೆ ಆತು ನಿಂತಿದ್ದಳು. ಬೆರಳಿಗೆ ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ, ಕಡೆಗೆ ಅಂದಳು: "ಒಲ್ಲೆ."

"ಈಗ ಒಲ್ಲ್ಯಾ?" ಅಂದಳು ಅವ್ವ. "ಎರಡು ವರ್ಷ ಬಿಟ್ಟು ಮಾಡೋಣ ಅಂತಿಯೇನು?"

"ಅಲ್ಲ ಅತ್ತಿ. ಬೀರು ಮಾವ ಛಲೋ ಮನಷ್ಯಾ. ಆದ್ರ ಒಲ್ಲೆ."

ನನ್ನ ಕಣ್ಣು ನನಗೆ ತಿಳಿಯದೆ ಬಾಯಿಯ ಕಡೆಗೆ ಹೋಯಿತು. ಅವರ ಮುಖ ಬಿಳಿಚಿತ್ತು. ಅವರು ಆ 'ಒಲ್ಲೆ'ಯನ್ನು ನೆನೆಸಿರಲಿಲ್ಲ. ಅವರೂ ನಮ್ಮ ಹಾಗೆಯೇ 'ಹೂಂ' ಅನ್ನುತ್ತಾಳೆ ಅಂತಲೇ ನಂಬಿದ್ದರು. ಒಂದು ಮಾತು ಅವರು ಆಡಿದ್ದರೆ ಸಾಕಿತ್ತು. 'ಮಾಯಾ, ನನ್ನ ಸಲುವಾಗಿ' ಅಂದಿದ್ದರೆ ಅವಳು ಒಪ್ಪುತ್ತಿದ್ದಳು. ಆ ಕೋಣೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಮಾವ ಎದ್ದು ನಿಂತ. "ನೀವು ಶಬ್ದಾ ಕೊಟ್ಟಿದ್ರಿ ಬಾಯೀ. ಐದು ಊರಿನ ಮಂದಿ ಮುಂದ ಕೊಟ್ಟಿದ್ರಿ. ನಿಮ್ಮ ಶಬ್ದದ ಮ್ಯಾಲ ನಾ ಮಗಳ ಕೈ ಬಿಟ್ಟೆ."

"ಕೊಟ್ಟಿದ್ದೆ," ಅಂದರು ಬಾಯಿ. "ಆದ್ರ ಅಕಿ ಕೊಡಬೇಕಾದ ಶಬ್ದಾ ನಾ ಕೊಟ್ಟೆ. ಅಕಿನ್ನ ಕೇಳಿದ್ದಿಲ್ಲ. ನೀವು ಹದಿನೈದಕ್ಕ ಲಗ್ನಾ ಗೊತ್ತು ಮಾಡಿದ್ರಿ, ನಾನೂ ಹದಿನೈದಕ್ಕೇ ಗೊತ್ತು ಮಾಡಿದೆ. ನಿಮಗೂ ನಂಗೂ ಫರಕೇನಾತು? ತಪ್ಪು ನಂದು."

ಹಾಗಂದವರು ನೆಲಕ್ಕೆ ಕೈಯೂರಿ, ನೋಯುವ ಮೊಣಕಾಲುಗಳನ್ನು ಮಡಿಸಿ, ಕುರಿ ಕಾಯುವ ನಮ್ಮ ಮಾವನ ಕಾಲಿಗೆ ತಲೆ ಹಚ್ಚಿದರು. ಮೈದುನನ ಮುಂದೆ, ಪೊಲೀಸರ ಮುಂದೆ, ತುಂಬಿದ ಹಂದರದ ಮುಂದೆ ಬಾಗದಿದ್ದ ತಲೆ ಅದು. ಮಾವ ಕೆಂಡ ತುಳಿದವನ ಹಾಗೆ ಹಿಂದಕ್ಕೆ ಸರಿದ. ಮಾಯಕ್ಕ ಅಳುತ್ತ ಓಡಿ ಬಂದು, "ಬಾಯೀ ಏಳ್ರಿ, ನಾ ಹೂಂ ಅಂತೀನಿ, ಏಳ್ರಿ," ಅಂದಳು.

ನೆಲದ ಮೇಲೆ ಕೂತಲ್ಲಿಂದಲೇ ಬಾಯಿ ಅವಳ ಕಡೆ ತಿರುಗಿದರು. ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಆಗ ಒಮ್ಮೆಯೇ. "ಸುಮ್ನಿರು! ಇದು ನಂದೂ ಇವರ್ದೂ ಲೆಕ್ಕ. ನಿಂದು ನೀ ಹೇಳಿ ಆತು."

ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾವು ಅವನ ಹಿಂದೆ. ಎರಡನೇ ಸಲ ನನ್ನ ಮದುವೆ ನಿಂತಿತ್ತು. ಬಸ್ಸಿನಲ್ಲಿ ಕೂತು ನಾನು ದುಃಖಪಡುವುದಕ್ಕೆ ನೋಡಿದೆ, ಬಂತು ಕೂಡ. ಆದರೆ ಅದರ ಮೇಲೆ ಬೇರೆಯೇ ಒಂದು ಭಾವ ಬಂದು ಕೂತಿತ್ತು. ಬೀರೋಬನ ಗುಡಿಯಲ್ಲಿ ಡೊಳ್ಳಿನ ಸಪ್ಪಳ ಒಮ್ಮೆಲೆ ನಿಂತಾಗ ಎದೆಯೊಳಗೆ ಆಗುತ್ತದಲ್ಲ, ಅಂಥದ್ದು.

ಮಾಯಕ್ಕ ಸೋಲಾಪುರದಲ್ಲಿ ನರ್ಸಿಂಗ್ ಕಲಿತಳು, ಈಗ ಅಲ್ಲೇ ಒಂದು ದವಾಖಾನೆಯಲ್ಲಿದ್ದಾಳೆ. ಮಾವ ಒಂದು ವರ್ಷ ಬಾಯಿಯ ಹೆಸರು ಎತ್ತಲಿಲ್ಲ. ಮರುವರ್ಷ ಅವನ ಕುರಿಯ ತಳ ಅಕ್ಕಲಕೋಟದ ಹೊರಗೆ ಬಿದ್ದಾಗ, ಒಂದು ಮುಂಜಾನೆ ಸಣ್ಣ ಮಗಳು ಸುರೇಖಾಳನ್ನು ಬಾಯಿಯ ಬಾಗಿಲಿಗೆ ತಂದು ನಿಲ್ಲಿಸಿ, "ಇಕಿಗೂ ಹದಿನೈದು ಆಗ್ಯಾವ. ಈ ಸಲ ಶಬ್ದ ಗಿಬ್ದ ಏನೂ ಬ್ಯಾಡ್ರಿ," ಅಂದು, ಒಳಗೂ ಬರದೆ ಹೋದನಂತೆ.

ನನ್ನ ಮದುವೆ ಮುಂದೆ ವಳಸಂಗದ ಹುಡುಗಿಯ ಜೊತೆ ಆಯಿತು. ಅವಳಿಗೆ ಇಪ್ಪತ್ತೆರಡು. ಬಾಯಿ ಬಂದರು, ಹೊಟ್ಟೆತುಂಬ ಉಂಡರು, ಆ ಹಸಿರು ಸೀರೆಯನ್ನು ನನ್ನ ಹೆಂಡತಿಯ ಉಡಿಗೆ ಹಾಕಿ ಕಿವಿಯಲ್ಲಿ ಏನೋ ಕೇಳಿದರು. ಏನು ಕೇಳಿದರು ಅಂತ ರಾತ್ರಿ ಕೇಳಿದೆ. "ಮನಸಿಲೆ ಹೂಂ ಅಂದೀಯೇನವಾ ಅಂತ ಕೇಳಿದ್ರು. ನಂಗ ಇಷ್ಟು ಮಂದ್ಯಾಗ ಅದನ್ನ ಕೇಳಿದವರು ಅವರೊಬ್ಬರೇ," ಅಂದಳು.

ಕಡೆಯ ಸಲ ನೋಡಿದಾಗ ಅವರು ಹಾಸಿಗೆ ಹಿಡಿದಿದ್ದರು. ಸುರೇಖಾ ಗಂಜಿ ಕುಡಿಸುತ್ತಿದ್ದಳು. ಈಗ ಬೇಡ ಅನ್ನುವ ಶಕ್ತಿ ಅವರಿಗೆ ಉಳಿದಿರಲಿಲ್ಲ. ಎಷ್ಟೋ ವರ್ಷದಿಂದ ನನ್ನ ಗಂಟಲಲ್ಲಿದ್ದದ್ದನ್ನು ಕೇಳಿದೆ: "ಬಾಯೀ, ಮಾಯಕ್ಕ ನನ್ನ ಯಾಕ ಒಲ್ಲೆ ಅಂದ್ಲು? ನಿಮಗರೆ ಹೇಳಿರಬೇಕಲ್ರಿ."

"ನಾ ಕೇಳೇ ಇಲ್ಲ."

"ಒಮ್ಮೆನೂ?"

"ಬಾಯಿ ತನಕ ಬರ್ತಿತ್ತು, ನುಂಗ್ತಿದ್ದೆ." ಸ್ವಲ್ಪ ದಮ್ಮು ತೆಗೆದುಕೊಂಡರು. "ಒಲ್ಲೆ ಅಂದಾಕಿಗೆ ಯಾಕ ಅಂತ ಕೇಳಿದ್ರ ಅಕಿ ಒಂದು ಕಾರಣ ಹೇಳ್ತಾಳ. ಆ ಕಾರಣ ತಗೊಂಡು ಮಂದಿ ಅಕಿನ್ನ ಹೂಂ ಅನಸ್ತಾರ. ಅದಕ್ಕೇ ಕೇಳಲಿಲ್ಲ."

ಅವರ ಮಣ್ಣಿಗೆ ಹೋದಾಗ ರುದ್ರಭೂಮಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರು ಯಾರೋ ಬಂದಿದ್ದರು. ಸಾಹೇಬರಂತಿದ್ದವರು, ಕೂಲಿಯವರು, ಕೂಸು ಎತ್ತಿಕೊಂಡ ಹೆಂಗಸರು. ಮೈದುನ ಕೂಡ ಒಂದು ಮೂಲೆಯಲ್ಲಿ ತಲೆಯ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ. ಮಾವ ಕಂಬಳಿ ಹೊದ್ದು ಬಂದು ಒಂದು ಹಿಡಿ ಮಣ್ಣು ಹಾಕಿದ.

ಕೈಕಾಲು ತೊಳೆಯಲು ನಳದ ಹತ್ತಿರ ನಿಂತಿದ್ದಾಗ ನಮ್ಮ ಬೀಗರ ಪೈಕಿ ಒಬ್ಬ ಮಾವನ ಪಕ್ಕಕ್ಕೆ ಬಂದ. ಮಣ್ಣಿಗೆ ಕೂಡಿದ ಮಂದಿಯಲ್ಲಿ ಸಂಬಂಧದ ಮಾತು ಬರುವುದು ನಮ್ಮಲ್ಲಿ ಹೊಸದಲ್ಲ. "ನಿಮ್ಮ ಸಣ್ಣಾಕಿಗೆ ಹದಿನೆಂಟು ದಾಟ್ಯಾವಂತ. ಇನ್ನ ಹೇಳೋರು ಕೇಳೋರು ಯಾರೂ ಇಲ್ಲ. ನಮ್ಮ ಅಣ್ಣನ ಮಗ ಅದಾನ, ನೌಕರಿ ಅದ. ಹೂಂ ಅಂದ್ರ ಮುಂದಿನ ತಿಂಗಳ ಮುಗಿಸಿಬಿಡೋಣ."

ಮಾವ ಕಾಲು ತೊಳೆಯುವುದನ್ನು ಮುಗಿಸಿದ. ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. ದೂರದಲ್ಲಿ ಮಾಯಕ್ಕನ ಹೆಗಲಿಗೆ ತಲೆ ಹಚ್ಚಿ ಅಳುತ್ತ ನಿಂತಿದ್ದ ಸಣ್ಣ ಮಗಳ ಕಡೆ ಒಮ್ಮೆ ನೋಡಿದ.

"ನನ್ನ ಏನ್ ಕೇಳ್ತೀ?" ಅಂದ, ಬೇಸರ ಬಂದವನ ಹಾಗೆ. "ಅಕಿ ಅಲ್ಲಿ ನಿಂತಾಳ. ಅಳೋದು ಮುಗೀಲಿ, ಹೋಗಿ ಅಕಿನ್ನ ಕೇಳು."